ಅಕ್ಕನ ಬೇಸ್ ಇಲ್ಲದ ಹದಿನೇಳು ನಿಮಿಷ

ಫೆಬ್ರವರಿ 4

ಅಕ್ಕಾ,

ವಾರಕ್ಕೆರಡು ಸಲ ಫೋನ್ ಮಾಡುವವಳು ಇದ್ದಕ್ಕಿದ್ದಂತೆ ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ ಅಮ್ಮನ ಹಲ್ಲಿನ ಸೆಟ್ಟು ದಾಟಿ ಮುಂದೆ ಹೋಗುವುದೇ ಇಲ್ಲ, ಅದಕ್ಕೆ.

ಲಂಬು ನನ್ನ ಸ್ಟುಡಿಯೋಗೆ ಬಂದಿದ್ದ. ಎತ್ತರ ಹಾಗೇ ಇದೆ, ಕೂದಲು ಮಾತ್ರ ಪೂರ್ತಿ ಹೋಗಿದೆ. ಇಪ್ಪತ್ತೊಂದು ವರ್ಷದ ಹಿಂದೆ ನೀವು ಮಾಡಿದ ಆ ಒಂದೇ ಒಂದು ಆಲ್ಬಮ್ಮನ್ನು ಯಾವುದೋ ಕಂಪನಿಯವರು ಮತ್ತೆ ಹೊರತರುತ್ತಾರಂತೆ. ಅವನ ಗಿಟಾರು ಮತ್ತು ಹಾಡು, ಗುಡುಗಪ್ಪನ ಡ್ರಮ್ಸ್, ನಿನ್ನ ಬೇಸ್ ಗಿಟಾರು. ಅಂದು ಮೂವರನ್ನೂ ಧ್ವನಿಮುದ್ರಿಸಿ ಮಿಕ್ಸ್ ಮಾಡಿದವಳು ನಾನೇ ಆದ್ದರಿಂದ ಈಗ ಅದನ್ನು ಸ್ವಲ್ಪ ತೊಳೆದು ಒರೆಸುವ ಕೆಲಸವೂ ನನ್ನ ತಲೆಗೇ ಬಂದಿದೆ.

ಜೊತೆಗಿರುವ ಫಾರಂನಲ್ಲಿ ಮೂವರ ಸಹಿ ಬೇಕು. ‘ನಿಮ್ಮಕ್ಕನ ಹತ್ರ ನೀನೇ ಹಾಕಿಸ್ಕೋ ಗುಬ್ಬಿ. ನನ್ನ ನೋಡಿದ್ರೆ ಸ್ಪ್ಯಾನರ್ ತಗೊಂಡು ಅಟ್ಟಿಸ್ಕೊಂಡು ಬರ್ತಾಳೆ’ ಎಂದು ನಕ್ಕ. ಕವರಿನ ಮೇಲೆ ಮೊದಲಿನಂತೆಯೇ ನಿನ್ನ ಹೆಸರಿರುತ್ತದೆ.

ಆಲ್ಬಮ್ಮಿನಲ್ಲಿರುವ ಆ ಒಂದೇ ಹದಿನೇಳು ನಿಮಿಷದ ಹಾಡಿನಲ್ಲಿ ನಿನ್ನ ಬೇಸನ್ನು ನಾನು ಸ್ವಲ್ಪ ಹೆಚ್ಚೇ ತಗ್ಗಿಸಿದ್ದೆ. ಅದರ ಬಗ್ಗೆ ನನಗೆ ಬೇಸರವಿದೆ. ಯಾವತ್ತೋ ಹೇಳಬೇಕಿತ್ತು.

ಸಹಿ ಹಾಕಿ ಕಳಿಸುತ್ತೀಯಲ್ಲ?

ನಿನ್ನ,
ಗುಬ್ಬಿ

ಫೆಬ್ರವರಿ 15

ಗುಬ್ಬಿ,

ಫಾರಂ ಹಾಗೇ ವಾಪಸ್ ಕಳಿಸಿದ್ದೇನೆ. ಮುನಿಸಿಕೊಂಡು ಅಲ್ಲ. ನಾನು ಮಾಡಿದ್ದಕ್ಕೆ ಸಹಿ ಹಾಕುತ್ತೇನೆ, ಮಾಡದ್ದಕ್ಕೆ ಹಾಕುವುದಿಲ್ಲ. ಪಂಪ್‌ಹೌಸಿನ ಲಾಗ್ ಪುಸ್ತಕದಲ್ಲೂ ಅದೇ ನನ್ನ ನಿಯಮ, ಇಲ್ಲೂ ಅದೇ.

‘ತಗ್ಗಿಸಿದ್ದೆ’ ಎಂದು ಬರೆದಿದ್ದೀಯ. ತಗ್ಗಿಸುವುದು ಬೇರೆ, ತೆಗೆಯುವುದು ಬೇರೆ. ಡಿಸ್ಕು ಮನೆಗೆ ಬಂದ ದಿನ ನೆನಪಿದೆಯಾ? ನಾವಿಬ್ಬರೂ ಮಂಚದ ಮೇಲೆ ಕೂತು ಕೇಳಿದೆವು. ನಾಲ್ಕನೇ ನಿಮಿಷಕ್ಕೆ ನಾನು ‘ಇದು ನಾನೇನೇ?’ ಎಂದು ಕೇಳಿದೆ. ನೀನು ‘ಮಿಕ್ಸಲ್ಲಿ ಹಾಗೆ ಕೇಳ್ಸುತ್ತೆ ಅಕ್ಕ’ ಅಂದೆ. ಸ್ವಂತ ಬೆರಳು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಆದರೂ ಸುಮ್ಮನಾದೆ. ನನ್ನ ಬೆರಳಲ್ಲಿ ಜೀವವಿಲ್ಲ ಎಂದು ಲಂಬು ಹೇಳುತ್ತಿದ್ದ, ನೀನೂ ಹೇಳಿದ್ದೆ. ಆಲ್ಬಮ್ ಕೆಡದಿರಲಿ ಎಂದು ನೀನು ಮಾಡಬೇಕಾದ್ದನ್ನು ಮಾಡಿದೆ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ತಪ್ಪು ನಿನ್ನದಲ್ಲ.

ಹೆಸರು ಮಾತ್ರ ತೆಗೆಸು. ಊರಿನ ಅರ್ಧ ಜನರ ಮನೆಗೆ ನೀರೆತ್ತುವವಳು ನಾನು. ಇದ್ದದ್ದರಲ್ಲೇ ಒಂದಿಷ್ಟು ಮರ್ಯಾದೆ ಇದೆ.

ಅಮ್ಮನ ಹಲ್ಲಿನ ಸೆಟ್ಟು ಸೋಫಾ ಕೆಳಗೆ ಸಿಕ್ಕಿತು.

ಅಕ್ಕ

ಫೆಬ್ರವರಿ 27

ಅಕ್ಕಾ,

‘ತಪ್ಪು ನಿನ್ನದಲ್ಲ’ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಕುಗ್ಗಿದೆ.

ನೀನು ಹೇಳಿದ್ದು ನಿಜ. ತೆಗೆದೆ. ಲಂಬು ತನ್ನ ಗಿಟಾರಿನ ತಂತಿಗಳನ್ನು ಸಡಿಲಿಸಿ, ಶ್ರುತಿ ಕೆಳಗಿಳಿಸಿ, ತಾನು ನುಡಿಸಿದ್ದನ್ನೇ ಇನ್ನೊಮ್ಮೆ ನುಡಿಸಿದ. ಅದನ್ನು ನಿನ್ನ ಜಾಗದಲ್ಲಿ ಕೂರಿಸಿದೆವು. ನೀನು ಆಗ ಕೆಲಸದ ಪರೀಕ್ಷೆ ಬರೆಯಲು ಹೋಗಿದ್ದೆ. ‘ಅವಳಿಗೆ ಹೇಳೋದು ಬೇಡ, ಬೇಜಾರು ಮಾಡ್ಕೋತಾಳೆ’ ಎಂದು ಅವನೇ ಅಂದ. ನಾನು ಹೂಂ ಅಂದೆ.

ನನಗೆ ಇಪ್ಪತ್ಮೂರು ವರ್ಷ. ಮೊದಲ ಆಲ್ಬಮ್. ‘ಅಕ್ಕ ಅಂತ ಮುಲಾಜಿಗೆ ಬಿದ್ದಳು’ ಎಂದು ಯಾರೂ ಅನ್ನಬಾರದಿತ್ತು. ನಿನ್ನ ವಿಷಯದಲ್ಲಿ ಬೇರೆಯವರಿಗಿಂತ ಕಟುವಾಗಿರುವುದೇ ನ್ಯಾಯ ಎಂದು ಆಗ ನಂಬಿದ್ದೆ. ಅದು ನ್ಯಾಯವೋ, ಅಂಜಿಕೆಯೋ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಮೂಲ ಮುದ್ರಣ ನನ್ನ ಹತ್ತಿರ ಇನ್ನೂ ಇದೆ. ಅದನ್ನೇ ಹಾಕಿ ಹೊಸದಾಗಿ ಮಿಕ್ಸ್ ಮಾಡುತ್ತೇನೆ. ಈಗ ಎಂಥೆಂಥ ಸೌಲಭ್ಯಗಳಿವೆ, ಎಷ್ಟೋ ಸರಿಪಡಿಸಬಹುದು.

ಗುಬ್ಬಿ

ಮಾರ್ಚ್ 9

ಗುಬ್ಬಿ,

ಏನನ್ನು ಸರಿಪಡಿಸುತ್ತೀ?

ಆಲ್ಬಮ್ ಬಂದ ಮೇಲೆ ಆರು ತಿಂಗಳು ನಾನು ಒಂದು ರಬ್ಬರ್ ಚೆಂಡು ಹಿಸುಕಿದೆ. ಬಸ್ಸಿನಲ್ಲಿ, ಊಟ ಮಾಡುವಾಗ ಎಡಗೈಯಲ್ಲಿ, ಅಮ್ಮ ಬೈಯುವಾಗ ಎರಡೂ ಕೈಯಲ್ಲಿ. ಬೆರಳ ತುದಿ ಒಡೆದು ಟೇಪ್ ಸುತ್ತಿಕೊಂಡು ನುಡಿಸಿದೆ. ಒಂದು ದಿನ ಚೆಂಡೇ ಹರಿಯಿತು. ಆಮೇಲೆ ಬಿಟ್ಟೆ. ಬೇಸ್ ಮಾರಿಬಿಟ್ಟೆ ಎಂದು ನಿನಗೆ ಹೇಳಿದೆ. ನೀನು ‘ಒಳ್ಳೇದಾಯ್ತು ಬಿಡು, ಜಾಗ ಉಳೀತು’ ಅಂದೆ.

ಈಗ ಇಲ್ಲಿ ಗಂಡಸರು ಅಲ್ಲಾಡಿಸಲಾಗದ ವಾಲ್ವ್ ಇದ್ದರೆ ‘ಮೇಡಂನ ಕರೀರಿ’ ಅನ್ನುತ್ತಾರೆ. ಆ ಚೆಂಡಿನ ಪುಣ್ಯ.

ನಮ್ಮಲ್ಲಿ ಪಂಪಿನ ಬೇರಿಂಗ್ ಸವೆದಿದೆಯೇ ಎಂದು ನೋಡುವ ಹಳೇ ಪದ್ಧತಿ ಒಂದಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುವುದು. ಮೇಲಿನ ಗಲಾಟೆ ಎಲ್ಲ ಹೋಗಿ ಒಳಗೆ ಉಜ್ಜುವುದು ಮಾತ್ರ ಕೇಳುತ್ತದೆ. ನಿನ್ನ ಪತ್ರಕ್ಕೂ ಹಾಗೇ ಕಿವಿಯಿಟ್ಟೆ. ಲಂಬು ಅಂದ, ಲಂಬು ಮಾಡಿದ, ನೀನು ಚಿಕ್ಕವಳು. ಎಲ್ಲ ಸರಿ. ಆದರೆ ಇನ್ನೂ ಏನೋ ಉಜ್ಜುತ್ತಿದೆ.

ಒಂದೇ ಒಂದು ಕೇಳುತ್ತೇನೆ. ನಾನು ನುಡಿಸುವಾಗ ಆ ಕೋಣೆಯ ನೆಲ ಅದುರುತ್ತಿತ್ತು. ಕಿವಿ ಸುಳ್ಳು ಹೇಳಬಹುದು, ನಾನು ಬರಿಗಾಲಲ್ಲಿ ನಿಂತಿದ್ದೆ, ಕಾಲಿಗೆ ಗೊತ್ತಿತ್ತು. ಅಷ್ಟು ಸದ್ದು ಗೋಡೆ ದಾಟಿ ನಿನ್ನ ಸ್ಪೀಕರಿಗೆ ಬರುವಷ್ಟರಲ್ಲಿ ಸತ್ತದ್ದು ಹೇಗೆ? ಇಪ್ಪತ್ತೊಂದು ವರ್ಷದಲ್ಲಿ ಅದೊಂದು ನನಗೆ ಅರ್ಥವಾಗಿಲ್ಲ.

ಅಕ್ಕ

ಏಪ್ರಿಲ್ 16

ಅಕ್ಕಾ,

ಐದು ವಾರ ಉತ್ತರ ಬರೆಯಲಿಲ್ಲ. ಫೋನಿನಲ್ಲೂ ನೀನು ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ತಪ್ಪಿಸಿಕೊಳ್ಳುತ್ತಿದ್ದೆ. ಮೂರು ಪತ್ರ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ನಿನ್ನ ಕಾಲು ಹೇಳಿದ್ದೇ ಸರಿ. ಸದ್ದು ಇತ್ತು. ಕೊಂದದ್ದು ನನ್ನ ಕೇಬಲ್.

ನಿನ್ನ ಬೇಸನ್ನು ಎರಡು ದಾರಿಯಲ್ಲಿ ಹಿಡಿದಿದ್ದೆ. ಒಂದು, ಗಿಟಾರಿನಿಂದ ನೇರವಾಗಿ ಬಂದ ತಂತಿ. ಇನ್ನೊಂದು, ನಿನ್ನ ಆಂಪ್‌ನ ಸ್ಪೀಕರಿನ ಮುಂದಿಟ್ಟ ಮೈಕು. ಎರಡನ್ನೂ ಕೂಡಿಸಿದರೆ ತುಂಬು ಧ್ವನಿ ಬರಬೇಕು. ಆ ಮೈಕಿನ ಕೇಬಲ್ಲನ್ನು ನಾನೇ ಕೂತು ಬೆಸೆದಿದ್ದೆ. ನಾನು ಮಾಡಿದ ಮೊದಲ ಕೇಬಲ್. ನಿನಗೆ ತೋರಿಸಿ ಹೆಮ್ಮೆಪಟ್ಟಿದ್ದೂ ನೆನಪಿದೆ. ಅದರ ಒಂದು ತುದಿಯಲ್ಲಿ ಎರಡು ಎಳೆ ಅದಲುಬದಲಾಗಿತ್ತು. ಹಾಗಾದರೆ ಮೈಕಿನ ಸದ್ದು ತಲೆಕೆಳಗಾಗಿ ಬರುತ್ತದೆ. ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ. ನಿನ್ನ ವಾಲ್ವಿನ ಚಕ್ರವನ್ನು ಒಬ್ಬರು ಬಲಕ್ಕೂ ಇನ್ನೊಬ್ಬರು ಎಡಕ್ಕೂ ಒಂದೇ ಬಲದಿಂದ ತಿರುಗಿಸಿದ ಹಾಗೆ. ಇಬ್ಬರಲ್ಲೂ ಶಕ್ತಿ ಇದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಮಂದ್ರವೆಲ್ಲ ಒಂದಕ್ಕೊಂದು ಹೊಡೆದುಹೋಗಿ, ತಂತಿಗೆ ಉಗುರು ತಾಗುವ ಟಿಕ್ ಟಿಕ್ ಮಾತ್ರ ಉಳಿಯಿತು. ಅದನ್ನು ಕೇಳಿ ನಾವು ‘ಬೆರಳಲ್ಲಿ ಜೀವ ಇಲ್ಲ’ ಅಂದೆವು.

ಒಂದನ್ನು ಮುಚ್ಚಿ ಇನ್ನೊಂದನ್ನು ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ನಾನು ಯಾವಾಗಲೂ ಎರಡನ್ನೂ ಸೇರಿಸಿಯೇ ಕೇಳಿದೆ. ಮಿಕ್ಸ್ ಮಾಡುವ ಕಡೆ ಸೊನ್ನೆಯ ಮೇಲೆ ಓರೆಗೆರೆ ಎಳೆದ ಗುರುತಿನ ಒಂದು ಗುಂಡಿ ಇರುತ್ತದೆ. ಅದನ್ನೊಮ್ಮೆ ಒತ್ತಿದರೆ ತಲೆಕೆಳಗಾದದ್ದು ನೆಟ್ಟಗಾಗುತ್ತದೆ. ಒಂದು ಗುಂಡಿ, ಅಕ್ಕ.

ಮೊನ್ನೆ ಹಳೆಯ ಫೈಲ್ ತೆರೆದು ಅದನ್ನು ಒತ್ತಿದಾಗ ಗೊತ್ತಾಯಿತು. ನಿನ್ನ ಬೇಸ್ ಒಂದನ್ನೇ ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದ್ದೇನೆ. ಆ ಗುಂಡಿ ಒತ್ತಿದ್ದು ಬಿಟ್ಟರೆ ನಾನೇನೂ ತಿದ್ದಿಲ್ಲ. ಕೇಳು.

ಗುಬ್ಬಿ

ಏಪ್ರಿಲ್ 25

ಪೆನ್‌ಡ್ರೈವ್ ಬಂತು. ಇನ್ನೂ ಕೇಳಿಲ್ಲ. ಫೈಲಿನ ಹೆಸರಿನ ಪಕ್ಕದಲ್ಲಿ ತಾರೀಖು ಇದೆ. ಪಂಪಿನ ಲೆಕ್ಕವನ್ನು ತಾರೀಖಿನ ಮೇಲೇ ಹುಡುಕುವವಳು ನಾನು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹನ್ನೊಂದು ವರ್ಷದ ಹಿಂದಿನದು.

ಮೊನ್ನೆ ಅಂದರೆ ಯಾವಾಗ ಗುಬ್ಬಿ?

ಮೇ 3

ಅಕ್ಕಾ,

ಹನ್ನೊಂದು ವರ್ಷದ ಹಿಂದೆ.

ಒಂದು ಸಂಗೀತ ಶಾಲೆಯವರು ನನ್ನನ್ನು ಮಾತಾಡಲು ಕರೆದಿದ್ದರು. ವಿಷಯ ಏನು ಗೊತ್ತೇ? ನೀವು ನುಡಿಸುತ್ತಿದ್ದ ಅದೇ ಪ್ರೊಗ್ರೆಸಿವ್ ಮೆಟಲ್ ಸಂಗೀತದಲ್ಲಿ ಬೇಸ್ ಗಿಟಾರಿನ ಪಾತ್ರ. ನಗು ಬಂದರೆ ನಕ್ಕುಬಿಡು. ಉದಾಹರಣೆಗೆ ನಿನ್ನ ಆ ಹದಿನೇಳು ನಿಮಿಷವೇ ನೆನಪಾಯಿತು. ಲಂಬುವಿನ ಗಿಟಾರು ಏಳರ ಎಣಿಕೆಯಲ್ಲಿ ಸುತ್ತುತ್ತದೆ, ಗುಡುಗಪ್ಪ ನಾಲ್ಕರಲ್ಲಿ ಹೊಡೆಯುತ್ತಾನೆ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ನೀನು ಮಧ್ಯೆ ನಡೆದು, ಒಮ್ಮೆ ಇವನ ಹೆಗಲ ಮೇಲೆ, ಒಮ್ಮೆ ಅವನ ಹೆಗಲ ಮೇಲೆ ಕೈಯಿಟ್ಟು, ಇಪ್ಪತ್ತೆಂಟಕ್ಕೆ ಸರಿಯಾಗಿ ಇಬ್ಬರನ್ನೂ ಒಂದೇ ಬಾಗಿಲಿಗೆ ಕರೆತರುತ್ತಿದ್ದೆ. ಆ ಸಂಗೀತದಲ್ಲಿ ಬೇಸ್ ಇರುವುದೇ ಅದಕ್ಕೆ. ಬರೀ ಕೆಳಗೆ ಗುಂಯ್ಗುಡಲು ಅಲ್ಲ. ದುರ್ಬಲವಾಗಿದ್ದರೂ ನಿನ್ನ ಆ ನಡಿಗೆಯನ್ನು ತೋರಿಸೋಣ ಎಂದು ಫೈಲ್ ತೆರೆದೆ. ಕೈ ತಾನಾಗಿ ಆ ಗುಂಡಿಯ ಮೇಲೆ ಹೋಯಿತು. ಆ ಹೊತ್ತಿಗೆ ಅದು ನನಗೆ ಅಭ್ಯಾಸವಾಗಿತ್ತು, ಬೇರೆಯವರ ತಪ್ಪು ಹುಡುಕಿ ಹುಡುಕಿ.

ಮೇಜಿನ ಮೇಲಿದ್ದ ಲೋಟದ ನೀರು ನಡುಗಿತು.

ಪೂರ್ತಿ ಕೇಳಿದೆ. ನೆಟ್ಟಗಾದದ್ದನ್ನು ಉಳಿಸಿದೆ. ತಾರೀಖು ಬಿದ್ದದ್ದು ಆಗಲೇ. ಮುಚ್ಚಿದೆ. ಭಾಷಣಕ್ಕೆ ಬೇರೆ ಯಾರದೋ ತುಣುಕು ಹಾಕಿದೆ, ಚಪ್ಪಾಳೆಯೂ ಬಿತ್ತು.

ಯಾಕೆ ಹೇಳಲಿಲ್ಲ? ನಮ್ಮ ಆಲ್ಬಮ್ಮನ್ನು ಆ ಹೊತ್ತಿಗೆ ನೂರಾರು ಜನ ಹುಡುಕಿಕೊಂಡು ಕೇಳುತ್ತಿದ್ದರು. ‘ತಳವಿಲ್ಲದ ತಣ್ಣನೆಯ ಸದ್ದು’ ಎಂದು ಹೊಗಳುತ್ತಿದ್ದರು. ಅದು ನನ್ನ ಶೈಲಿ ಎಂದು ಹೆಸರಾಗಿತ್ತು. ಹೊಸಬರು ಬಂದು ‘ಮೇಡಂ, ಆ ಥರಾನೇ ಬೇಕು’ ಅನ್ನುತ್ತಿದ್ದರು. ತಳ ಇಲ್ಲದಿದ್ದದ್ದು ಶೈಲಿಯಲ್ಲ, ಒಂದು ಕೆಟ್ಟ ಬೆಸುಗೆ, ಅದರ ಕೆಳಗೆ ನನ್ನಕ್ಕ ಹೂತುಹೋಗಿದ್ದಾಳೆ ಎಂದು ಹೇಗೆ ಹೇಳಲಿ? ಹೇಳಬಹುದಿತ್ತು. ಬಾಯಿ ಇತ್ತಲ್ಲ.

ಅದೇ ವಾರ ನೀನು ಫೋನ್ ಮಾಡಿದ್ದೆ. ನಿನ್ನನ್ನು ಶಿಫ್ಟಿನ ಮುಖ್ಯಸ್ಥೆಯನ್ನಾಗಿ ಮಾಡಿದ್ದಾರೆ ಅಂದೆ. ಕೊನೆಗೆ ನಗುತ್ತಾ, ‘ಅಂತೂ ಬೆರಳಿಗೆ ಜೀವ ಬಂತು ನೋಡೇ’ ಅಂದೆ. ನಾನು ಕಂಗ್ರಾಟ್ಸ್ ಎಂದು ಹೇಳಿ, ಅಡುಗೆ ಸೀಯುತ್ತಿದೆ ಎಂದು ಫೋನ್ ಇಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಮೊದಲ ಹತ್ತು ವರ್ಷ ನಾನು ಅಜ್ಞಾನಿ. ಆಮೇಲಿನ ಹನ್ನೊಂದು ವರ್ಷಕ್ಕೆ ಯಾವ ಹೆಸರಿಡಬೇಕೋ ನೀನೇ ಹೇಳು. ಲಂಬುವಿಗೂ ಇವತ್ತಿನವರೆಗೆ ಗೊತ್ತಿಲ್ಲ. ನಿನ್ನ ಬೆರಳೇ ಕಾರಣ ಎಂದು ಅವನು ಈಗಲೂ ನಂಬಿದ್ದಾನೆ. ನಾನು ನಂಬಲು ಬಿಟ್ಟಿದ್ದೇನೆ. ಆ ಕೇಬಲ್ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ಮೀಟರ್ ಇಟ್ಟು ಪರೀಕ್ಷಿಸಿದೆ ಅಷ್ಟೆ, ಎಸೆಯಲು ಕೈ ಬರಲಿಲ್ಲ, ಬಿಚ್ಚಿ ನೋಡಲೂ ಬರಲಿಲ್ಲ.

ನಿನ್ನ ಸ್ಕ್ರೂಡ್ರೈವರ್ ಹಿಡಿದು ನೋಡು. ಇದರ ಕೆಳಗೆ ಇನ್ನೇನೂ ಇಲ್ಲ.

ಗುಬ್ಬಿ

ಜೂನ್ 2

ಗುಬ್ಬಿ,

ನಾಲ್ಕು ವಾರ ಹಿಡಿಯಿತು. ಮೊದಲ ವಾರ ನಿನ್ನ ಪತ್ರವನ್ನು ಮತ್ತೆ ಓದಲಿಲ್ಲ. ಎರಡನೇ ವಾರ ಅಮ್ಮ ‘ಗುಬ್ಬಿ ಜೊತೆ ಜಗಳಾನಾ? ಫೋನ್ ಮಾಡಿದ್ರೆ ನನ್ನ ಕೈಗೇ ಕೊಡ್ತೀಯ’ ಎಂದು ಕೇಳಿದಳು. ‘ಜಗಳ ಅಲ್ಲಮ್ಮ, ರಿಪೇರಿ’ ಅಂದೆ. ‘ಹಾಗಾದ್ರೆ ಬೇಗ ಮುಗ್ಸು, ನನ್ನ ಹಲ್ಲಿನ ವಿಷಯ ಅವಳೇ ಚೆನ್ನಾಗಿ ಕೇಳೋದು’ ಅಂದಳು.

ಮೊನ್ನೆ ಪಂಪ್‌ಹೌಸಿನಲ್ಲಿ ವರ್ಷಕ್ಕೊಮ್ಮೆಯ ಸರ್ವಿಸಿಗೆ ನಾಲ್ಕೂ ಪಂಪು ನಿಲ್ಲಿಸಿದ್ದರು. ಆ ಕಟ್ಟಡ ಪೂರ್ತಿ ಸುಮ್ಮನಾಗುವುದು ಅದೊಂದು ದಿನ. ಫಿಟ್ಟರುಗಳು ಊಟಕ್ಕೆ ಹೋದಾಗ ಹೆಡ್‌ಫೋನ್ ಹಾಕಿಕೊಂಡು ಎರಡನೇ ಪಂಪಿನ ಕಟ್ಟೆಯ ಮೇಲೆ ಕೂತೆ. ಚಪ್ಪಲಿ ಬಿಟ್ಟಿದ್ದೆ, ಯಾಕೋ.

ಅಂದಿನ ಆ ಹುಡುಗಿ ಚೆನ್ನಾಗಿ ನುಡಿಸುತ್ತಿದ್ದಳು ಗುಬ್ಬಿ. ನನಗೆ ಅವಳ ಬಗ್ಗೆ ನಾಚಿಕೆಯಾಗುತ್ತಿತ್ತು ಇಷ್ಟು ವರ್ಷ. ಎಲ್ಲಾದರೂ ಅಂಥ ಸಂಗೀತ ಕೇಳಿದರೆ ಬಸ್ಸಿನಿಂದ ಇಳಿದುಬಿಡುತ್ತಿದ್ದೆ, ಗೊತ್ತಾ? ಯಾರೋ ನನ್ನ ಗುರುತು ಹಿಡಿದು ‘ಓ, ಆ ಜೀವವಿಲ್ಲದ ಬೆರಳಿನವಳು’ ಎಂದುಬಿಡುತ್ತಾರೆ ಅನ್ನುವ ಹಾಗೆ. ಯಾರಿಗೂ ನಾನು ಯಾರೆಂದೇ ಗೊತ್ತಿರಲಿಲ್ಲ. ಆದರೂ ಇಳಿಯುತ್ತಿದ್ದೆ. ಅಷ್ಟು ದೂರ ನಡೆದಿದ್ದೇನೆ.

ಹನ್ನೊಂದನೇ ನಿಮಿಷದಲ್ಲಿ ನಾನು ಒಂದು ಕಡೆ ತಪ್ಪಿದ್ದೇನೆ. ಏಳರಿಂದ ಹೊರಬರುವಾಗ ಒಂದು ಪೆಟ್ಟು ಮೊದಲೇ ಕಾಲಿಟ್ಟಿದ್ದೇನೆ. ಮುಂದಿನ ಸುತ್ತಿಗೆ ಸರಿಮಾಡಿಕೊಂಡಿದ್ದೇನೆ. ನಿನಗೂ ಕೇಳಿರುತ್ತದೆ, ಬರೆಯಲು ಧೈರ್ಯ ಬಂದಿಲ್ಲ ಅಷ್ಟೆ. ಅದನ್ನು ತಿದ್ದಬೇಡ. ಇಪ್ಪತ್ತೊಂದು ವರ್ಷ ನಾನು ಮಾಡದ ತಪ್ಪನ್ನು ಹೊತ್ತಿದ್ದೇನೆ, ನಾನು ಮಾಡಿದ ಒಂದನ್ನಾದರೂ ನನಗೆ ಬಿಡು.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಈಗ ಬರೆದರೆ ಅದು ನಿನ್ನ ‘ತಗ್ಗಿಸಿದ್ದೆ’ ಇದ್ದ ಹಾಗೆ ಆಗುತ್ತದೆ. ಮೊದಲ ಹತ್ತು ವರ್ಷ ಬಿಟ್ಟುಕೊಟ್ಟೆ, ಅದು ಬೆಸುಗೆ, ಯಾರ ಕೈಯಲ್ಲೂ ಆಗಬಹುದು. ಹನ್ನೊಂದು ವರ್ಷದ್ದು ಇನ್ನೂ ಉಜ್ಜುತ್ತಿದೆ. ನಾನೂ ಒಂದು ಸುಳ್ಳು ಹೇಳಿದ್ದೇನೆ, ಕೇಳಿಕೋ. ಬೇಸ್ ಮಾರಿಲ್ಲ. ಕಬ್ಬಿಣದ ಬೀರುವಿನ ಮೇಲೆ ಕಂಬಳಿ ಸುತ್ತಿ ಇಟ್ಟಿದ್ದೇನೆ. ನೀನು ಇಲ್ಲಿಗೆ ಬಂದಾಗೆಲ್ಲ ಅದರ ಕೆಳಗೇ ಮಲಗಿದ್ದೀಯ.

ಫಾರಂ ಇನ್ನೊಂದು ಕಳಿಸು, ಸಹಿ ಹಾಕುತ್ತೇನೆ. ಆದರೆ ಲಂಬುವಿಗೆ ನೀನೇ ಹೇಳಬೇಕು, ಎದುರಿಗೆ ಕೂತು. ಮತ್ತೆ ಆ ಕೇಬಲ್ ಕಳಿಸು.

ಅಕ್ಕ

ಜೂನ್ 11

ಅಕ್ಕಾ,

ಫಾರಂ ಮತ್ತು ಕೇಬಲ್ ಒಂದೇ ಪೆಟ್ಟಿಗೆಯಲ್ಲಿವೆ.

ಲಂಬುವಿಗೆ ಹೇಳಿದೆ. ಮೊದಲು ಹಾಡು ಹಾಕಿದೆ, ನಿನ್ನ ಬೇಸ್ ಇರುವ ಹಾಡು. ‘ಯಾರೇ ಇದು ನುಡಿಸಿರೋದು? ಸಖತ್ತಾಗಿದೆ’ ಅಂದ. ‘ಅಕ್ಕ’ ಅಂದೆ. ‘ತಮಾಷೆ ಮಾಡ್ಬೇಡ’ ಅಂದ. ಎಲ್ಲ ಹೇಳಿ ಮುಗಿಸುವವರೆಗೆ ಅವನು ತನ್ನ ಬೋಳುತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ, ‘ಎಷ್ಟೊಂದು ಜನರ ಎದುರಿಗೆ ಅವಳ ಬೆರಳನ್ನ ಆಡ್ಕೊಂಡಿದ್ದೀನಲ್ಲೇ ಗುಬ್ಬಿ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದ್ದೀಯಲ್ಲೇ’ ಅಂದ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿದ್ದೆ. ಎದ್ದು ಹೋದ. ಎರಡು ದಿನ ಬಿಟ್ಟು ಫೋನ್ ಮಾಡಿ, ತಾನು ನುಡಿಸಿದ ಆ ನಕಲನ್ನು ಪೂರ್ತಿ ಅಳಿಸು ಎಂದ.

ಕವರಿನ ಒಳಪುಟಕ್ಕೆ ಇಷ್ಟು ಬರೆದಿದ್ದೇನೆ, ಯಾರೂ ಕೇಳಲಿಲ್ಲ, ನಾನೇ: ‘ಮೊದಲ ಆವೃತ್ತಿಯಲ್ಲಿ ಬೇಸ್ ಇರಲಿಲ್ಲ. ಅದು ಶೈಲಿಯಲ್ಲ, ಧ್ವನಿಮುದ್ರಿಸಿದವಳ ತಪ್ಪು. ಗೊತ್ತಾದ ಮೇಲೂ ಹನ್ನೊಂದು ವರ್ಷ ಮುಚ್ಚಿಟ್ಟಳು. ಬೇಸ್ ನುಡಿಸಿದವಳು ಅವಳ ಅಕ್ಕ.’ ಕೆಳಗೆ ನನ್ನ ಸಹಿ. ಕಂಪನಿಯವರು ‘ಇದೆಲ್ಲ ಬೇಕಾ ಮೇಡಂ?’ ಅಂದರು. ಬೇಕು ಅಂದೆ.

ಹನ್ನೊಂದನೇ ನಿಮಿಷ ಮುಟ್ಟಿಲ್ಲ.

ಗುಬ್ಬಿ

ಜೂನ್ 22

ಗುಬ್ಬಿ,

ಫಾರಂ ಇದರ ಜೊತೆಗಿದೆ, ಸಹಿ ಹಾಕಿದ್ದೇನೆ. ಒಳಪುಟದ ಬರಹದಲ್ಲಿ ‘ಅವಳ ಅಕ್ಕ’ ಎಂಬುದನ್ನು ತೆಗೆದು ನನ್ನ ಹೆಸರು ಹಾಕು. ಬೇಸ್ ನುಡಿಸಿದ್ದು ನಿನ್ನ ಅಕ್ಕನಾಗಿ ಅಲ್ಲ.

ಕೇಬಲ್ ಬಂತು. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಬೆಸುಗೆ ಅಚ್ಚುಕಟ್ಟಾಗಿದೆ. ಇಪ್ಪತ್ಮೂರು ವರ್ಷದವಳ ಕೆಲಸ ಅನ್ನಿಸುವುದಿಲ್ಲ, ಅಷ್ಟು ಜಾಗ್ರತೆಯಿಂದ ಮಾಡಿದ್ದೀಯ. ಎರಡು ಎಳೆ ಮಾತ್ರ ಆ ಕಡೆಯದು ಈ ಕಡೆ. ಕಾಯಿಸಿ ಬಿಡಿಸಿ, ಅದಲುಬದಲು ಮಾಡಿ ಕೂರಿಸಿದೆ. ನಾಲ್ಕು ನಿಮಿಷ ಹಿಡಿಯಿತು. ‘ಇಷ್ಟೇನಾ?’ ಅಂದಳು ಅಮ್ಮ.

ಇದನ್ನು ವಾಪಸ್ ಕಳಿಸುವುದಿಲ್ಲ. ಬೀರುವಿನ ಮೇಲಿಂದ ಅದನ್ನು ಇಳಿಸಿದ್ದೇನೆ. ತಂತಿಗಳೆಲ್ಲ ತುಕ್ಕು ಹಿಡಿದಿವೆ, ಹೊಸವನ್ನು ತರಿಸಿದ್ದೇನೆ.

ಮುಂದಿನ ತಿಂಗಳು ನೀನು ಬರುತ್ತೀಯಲ್ಲ, ಬರುವಾಗ ಒಂದು ಮೈಕ್ ತಾ. ಕೇಬಲ್ ನನ್ನ ಹತ್ತಿರ ಇದೆ.

ಅಕ್ಕ